ಕತ್ತರಿ ಯಾರ ಕೈಲಿದೆ?

ಮಗು,

ಹೋದ ಭಾನುವಾರ ನಿಮ್ಮತ್ತೆ ಕೊಟ್ಟ ಕಾಫಿ ನಿನ್ನೆದುರಿಗೇ ಕೆನೆಗಟ್ಟಿತು. ನೀನು ಲೋಟ ಮುಟ್ಟಲಿಲ್ಲ. ಐದು ವರ್ಷ ಧಾರಾವಾಹಿಗಳಲ್ಲಿ ಅಸೋಸಿಯೇಟ್ ಆಗಿ ದುಡಿದು, ರಾತ್ರಿ ಕೂತು ಬರೆದ ಸ್ಕ್ರಿಪ್ಟನ್ನು ಇಬ್ಬರು ಪ್ರೊಡ್ಯೂಸರ್‌ಗಳು ವಾಪಸ್ ಮಾಡಿದರು ಎಂದೆ. ಮೂರನೆಯವರು ಮಾತ್ರ ‘ಮಾಡೋಣ’ ಅಂದಿದ್ದಾರೆ. ಆದರೆ ತಿಪಟೂರಿನ ಕೊಬ್ಬರಿ ಮಂಡಿ ಬೆಂಗಳೂರಿಗೆ ಬರಬೇಕು, ತೂಕ ಹಾಕುವ ಮುದುಕ ಹೋಗಿ ಒಬ್ಬ ಹೀರೋ ಬರಬೇಕು, ಕೊನೆಯಲ್ಲಿ ಜನ ನಗುತ್ತಾ ಎದ್ದು ಹೋಗಬೇಕು. ಕರಾರು ಪತ್ರ ನಿನ್ನ ಬ್ಯಾಗಿನಲ್ಲೇ ಇತ್ತು. ‘ಸೈನ್ ಮಾಡ್ಲಾ ಮಾವ?’ ಎಂದು ಕೇಳಿದೆ. ನಾನು ಸುಮ್ಮನಿದ್ದೆ.

ನನಗೆ ಉತ್ತರ ಗೊತ್ತಿರಲಿಲ್ಲ ಅಂತಲ್ಲ. ಮೂವತ್ತು ವರ್ಷ ಎಡಿಟಿಂಗ್ ಮೇಜಿನ ಮುಂದೆ ಬೆನ್ನು ಬಗ್ಗಿಸಿದವನಿಗೆ ಮಾತು ಥಟ್ಟನೆ ಬರುವುದಿಲ್ಲ ಕಣೋ. ತುಂಡುಗಳನ್ನೆಲ್ಲ ಹರವಿಕೊಂಡು ಒಂದಕ್ಕೊಂದು ಅಂಟಿಸಿದ ಮೇಲೇ ಏನು ಹೇಳಬೇಕೆಂಬುದು ಹೊಳೆಯುತ್ತದೆ. ಈ ವಾರವೆಲ್ಲ ಹಾಗೆ ಅಂಟಿಸಿದ್ದನ್ನು ಬರೆಯುತ್ತಿದ್ದೇನೆ. ಇದರಲ್ಲಿ ನನ್ನ ಕಥೆ ಕಡಿಮೆ, ಸ್ಕಾಟ್ಲೆಂಡಿನ ಒಬ್ಬ ನಿರ್ದೇಶಕನ ಕಥೆ ಜಾಸ್ತಿ. ಹೆಸರು ಬಿಲ್ ಫೋರ್ಸೈತ್. ಹುಟ್ಟಿದ್ದು 1946ರಲ್ಲಿ, ಗ್ಲಾಸ್ಗೋದಲ್ಲಿ. ಮಾಡಿದ ಕಥಾಚಿತ್ರಗಳು ಎಂಟು, ಅದರ ಜೊತೆಗೆ ಟೆಲಿವಿಷನ್ನಿಗೆ ಒಂದು ಪುಟ್ಟ ಚಿತ್ರ. 1999ರ ನಂತರ ಅವನು ಸಿನಿಮಾ ಮಾಡಿಲ್ಲ. ಅಷ್ಟಕ್ಕೇ ನಿಲ್ಲಿಸಿದವನಿಂದ ಕಲಿಯುವುದೇನು ಅನ್ನಬೇಡ. ಅವನ ಬದುಕನ್ನು ಒಂದು ರೀಲಿನ ಹಾಗೆ ಹಿಂದೆ ಮುಂದೆ ಓಡಿಸಿ ನೋಡಿದರೆ ನಿನ್ನ ಬ್ಯಾಗಿನಲ್ಲಿರುವ ಕಾಗದಕ್ಕೆ ಉತ್ತರ ಸಿಗುತ್ತದೆ.

ಹದಿನೇಳನೇ ವಯಸ್ಸಿಗೆ ಶಾಲೆ ಬಿಟ್ಟ ಹುಡುಗ ಅವನು. ಫಿಲಂ ಕಂಪನಿಗೆ ಒಬ್ಬ ಹುಡುಗ ಬೇಕಾಗಿದ್ದಾನೆ ಎಂಬ ಪತ್ರಿಕೆಯ ಜಾಹೀರಾತು ನೋಡಿ ಹೋದ. ಸಿನಿಮಾದ ಹುಚ್ಚು ಹಿಡಿದು ಹೋದವನಲ್ಲ, ಕೆಲಸ ಬೇಕಿತ್ತು ಅಷ್ಟೆ. ಒಬ್ಬ ಯಜಮಾನ, ಅವನ ಕೈಕೆಳಗೆ ಈ ಹುಡುಗ. ಡಬ್ಬ ಹೊರುವುದು, ಫಿಲಂ ಕತ್ತರಿಸುವುದು, ಅಂಟಿಸುವುದು, ದೀಪ ಹಿಡಿಯುವುದು ಎಲ್ಲವೂ ಅವನದೇ. ಆಗ ಸ್ಕಾಟ್ಲೆಂಡಿನಲ್ಲಿ ಹೇಳಿಕೊಳ್ಳುವಂಥ ಕಥಾಚಿತ್ರೋದ್ಯಮ ಇರಲಿಲ್ಲ. ಸಿನಿಮಾ ಅಂದರೆ ಲಂಡನ್ನು, ಹಾಲಿವುಡ್ಡು. ಊರಿನಲ್ಲಿ ಇದ್ದದ್ದು ಸಂಸ್ಥೆಗಳು ಹಣ ಕೊಟ್ಟು ಮಾಡಿಸಿಕೊಳ್ಳುವ ಸಾಕ್ಷ್ಯಚಿತ್ರ. ನಾನು ಹೊಟ್ಟೆ ಹೊರೆದದ್ದೂ ಅಂಥದ್ದರಲ್ಲೇ ಆದ್ದರಿಂದ ಆ ರುಚಿ ನನಗೆ ಗೊತ್ತು. ‘ನಮ್ಮ ಪ್ರಗತಿ ನೋಡಿ’ ಎಂಬ ಇಪ್ಪತ್ತು ನಿಮಿಷದ ರೀಲು. ಹಣ ಕೊಟ್ಟವನಿಗೆ ಅದರಲ್ಲಿ ತನ್ನ ಮುಖ ಕಂಡರೆ ಸಾಕು.

ಹೀಗೆ ಒಂದೂವರೆ ದಶಕ ಸವೆಸಿದ ಅವನು. ನಡುವೆ 1971ರಲ್ಲಿ ಇಂಗ್ಲೆಂಡಿನಲ್ಲಿ ಹೊಸದಾಗಿ ತೆರೆದ ರಾಷ್ಟ್ರೀಯ ಫಿಲಂ ಶಾಲೆಯ ಮೊದಲ ತಂಡಕ್ಕೇ ಸೇರಿ, ಸ್ವಲ್ಪ ದಿನದಲ್ಲೇ ಬಿಟ್ಟು ಬಂದ. ಸ್ವಂತಕ್ಕೆ ಒಂದೆರಡು ಪ್ರಯೋಗದ ಚಿತ್ರ ಮಾಡಿದ. ಅದರಲ್ಲೊಂದನ್ನು ಎಡಿನ್‌ಬರೋ ಚಿತ್ರೋತ್ಸವದಲ್ಲಿ ತೋರಿಸಿದಾಗ ಜನ ಎದ್ದು ಹೊರಟೇ ಹೋದರು. ಅಂತೂ ಪ್ರೇಕ್ಷಕರನ್ನು ಅಲುಗಾಡಿಸಿದೆನಲ್ಲ ಎಂದು ಮುಂದೆ ಅವನೇ ತಮಾಷೆ ಮಾಡಿಕೊಂಡ.

ನಿನ್ನ ಐದು ವರ್ಷದ ಲೆಕ್ಕವನ್ನು ಇಲ್ಲಿ ಸ್ವಲ್ಪ ಪಕ್ಕಕ್ಕಿಡು. ಧಾರಾವಾಹಿಯಲ್ಲಿ ದಿನಕ್ಕೆ ಒಂದು ಎಪಿಸೋಡ್ ಮುಗಿಸುವ ಅವಸರದಲ್ಲಿ ನೀನು ಏನೂ ಕಲಿಯಲಿಲ್ಲ ಎಂದೆಯಲ್ಲ, ಅದು ಸುಳ್ಳು. ಬೆಳಕು ಹೋಗುವ ಮುಂಚೆ ಯಾವ ಶಾಟ್ ಬಿಟ್ಟರೂ ನಡೆಯುತ್ತದೆ, ಯಾವುದನ್ನು ಬಿಟ್ಟರೆ ದೃಶ್ಯವೇ ಕುಸಿಯುತ್ತದೆ ಎಂಬುದು ನಿನಗೆ ಕೈಯಳತೆಯಲ್ಲಿ ಗೊತ್ತು. ಫೋರ್ಸೈತನಿಗೆ ಸಾಕ್ಷ್ಯಚಿತ್ರ ಕೊಟ್ಟದ್ದೂ ಆ ಕೈಯಳತೆಯನ್ನೇ. ದುಡ್ಡಿಲ್ಲದೆ ಎಷ್ಟು ಮಾಡಬಹುದು ಎಂಬ ಲೆಕ್ಕ ಅವನಿಗೆ ಬಾಯಿಪಾಠವಾಗಿತ್ತು.

ಆ ಲೆಕ್ಕ ಉಪಯೋಗಕ್ಕೆ ಬಂದದ್ದು ಹೇಗೆ, ಕೇಳು. 1970ರ ದಶಕದ ಕೊನೆಗೆ ಅವನು ಗ್ಲಾಸ್ಗೋ ಯೂತ್ ಥಿಯೇಟರ್ ಎಂಬ ಹುಡುಗ ಹುಡುಗಿಯರ ನಾಟಕ ತಂಡದ ಹತ್ತಿರ ಹೋದ. ಸಾಕ್ಷ್ಯಚಿತ್ರದವನಿಗೆ ನಟರ ಜೊತೆ ಮಾತನಾಡಿ ರೂಢಿಯಿಲ್ಲ. ಹೋಗಿ ಒಂದು ಮೂಲೆಯಲ್ಲಿ ಕೂತು ಅವರ ಮಾತು, ನಗು, ಜಗಳ ಕೇಳುತ್ತಿದ್ದ. ಆ ಹುಡುಗರಿಗಾಗಿಯೇ ‘ಗ್ರೆಗರೀಸ್ ಗರ್ಲ್’ ಎಂಬ ಸ್ಕ್ರಿಪ್ಟ್ ಬರೆದ. ಬ್ರಿಟಿಷ್ ಫಿಲಂ ಇನ್‌ಸ್ಟಿಟ್ಯೂಟ್‌ಗೆ ಹಣ ಕೇಳಿ ಹಾಕಿದ ಅರ್ಜಿ ತಿರಸ್ಕೃತವಾಯಿತು. ನಿನ್ನ ಹಾಗೆಯೇ ಅವನ ಕೈಯಲ್ಲೂ ವಾಪಸ್ ಬಂದ ಒಂದು ಕಟ್ಟು ಕಾಗದ.

ಅವನು ಆ ಸ್ಕ್ರಿಪ್ಟನ್ನು ತಿದ್ದಲಿಲ್ಲ, ಎತ್ತಿಟ್ಟ. ಹಣವೇ ಬೇಡದ ಇನ್ನೊಂದನ್ನು ಬರೆದ. ಕೆಲಸವಿಲ್ಲದೆ ಮಳೆಯಲ್ಲಿ ಪಾರ್ಕಿನ ಬೆಂಚಿನ ಮೇಲೆ ಕೂತಿರುವ ಗ್ಲಾಸ್ಗೋದ ಹುಡುಗರು ಶ್ರೀಮಂತರಾಗಲು ಒಂದು ದರೋಡೆಯ ಹಂಚಿಕೆ ಹಾಕುತ್ತಾರೆ. ಕದಿಯುವುದು ಚಿನ್ನವಲ್ಲ, ಅಡುಗೆಮನೆಯ ಸ್ಟೀಲ್ ಸಿಂಕುಗಳು! ಕಸ ಗುಡಿಸುವ ಹೆಂಗಸರ ವೇಷ ಹಾಕಿಕೊಂಡು ಗೋದಾಮಿಗೆ ನುಗ್ಗುತ್ತಾರೆ. ಈ ಚಿತ್ರ ನಡೆಯುವುದು ಗ್ಲಾಸ್ಗೋ ಎಂಬ ಒಂದು ಕಾಲ್ಪನಿಕ ಊರಿನಲ್ಲಿ, ನಿಜವಾದ ಗ್ಲಾಸ್ಗೋಗೂ ಇದಕ್ಕೂ ಸಂಬಂಧವಿಲ್ಲ ಎಂಬ ಒಕ್ಕಣೆ ಮೊದಲಿಗೇ ಬರುತ್ತದೆ. ‘ದಟ್ ಸಿಂಕಿಂಗ್ ಫೀಲಿಂಗ್’ ಎಂದು ಹೆಸರು. 16 ಎಂ.ಎಂ. ಫಿಲಂ, ಕೈಯಿಂದ ಬಿಚ್ಚಿದ್ದು ಕೆಲವು ಸಾವಿರ ಪೌಂಡು. ನಟರಿಗೂ ತಂತ್ರಜ್ಞರಿಗೂ ದುಡ್ಡು ಬಂದರೆ ಪಾಲು, ಬಾರದಿದ್ದರೆ ನಮಸ್ಕಾರ. 1979ರಲ್ಲಿ ಅದೇ ಎಡಿನ್‌ಬರೋ ಉತ್ಸವದಲ್ಲಿ ತೋರಿಸಿದಾಗ ಜನ ಎದ್ದು ಹೋಗಲಿಲ್ಲ, ನಕ್ಕರು.

ಆಮೇಲೆ ಎತ್ತಿಟ್ಟ ಸ್ಕ್ರಿಪ್ಟಿಗೆ ಹಣ ಹುಟ್ಟಿತು. ಸುಮಾರು ಎರಡು ಲಕ್ಷ ಪೌಂಡು, ಅದರಲ್ಲಿ ಸ್ಕಾಟಿಷ್ ಟೆಲಿವಿಷನ್ನಿನ ಪಾಲೂ ಇತ್ತು. ಸಿನಿಮಾದವರು ಸಾಮಾನ್ಯವಾಗಿ ಮೂಗು ಮುರಿಯುವ ಟೀವಿಯವರೇ ಅವನ ಸಿನಿಮಾಕ್ಕೆ ಬಂಡವಾಳ ಹಾಕಿದ್ದು ಎಂಬುದನ್ನು ನೆನಪಿಡು. 1981ರಲ್ಲಿ ‘ಗ್ರೆಗರೀಸ್ ಗರ್ಲ್’ ತೆರೆಗೆ ಬಂತು. ಗ್ಲಾಸ್ಗೋ ಪಕ್ಕದ ಕಂಬರ್‌ನಾಲ್ಡ್ ಎಂಬ, ಕಾಂಕ್ರೀಟಿನಲ್ಲಿ ಹೊಸದಾಗಿ ಕಟ್ಟಿದ ಊರಿನ ಒಂದು ಸರ್ಕಾರಿ ಶಾಲೆಯೇ ಲೊಕೇಶನ್. ಉದ್ದುದ್ದ ಬೆಳೆದು ತನ್ನ ಕೈಕಾಲು ಎಲ್ಲಿಡಬೇಕೆಂದೇ ತಿಳಿಯದ ಗ್ರೆಗರಿ. ಫುಟ್‌ಬಾಲ್ ತಂಡದಲ್ಲಿ ಅವನ ಜಾಗ ಕಿತ್ತುಕೊಂಡ ಹುಡುಗಿ. ಅವಳ ಮೇಲೇ ಅವನಿಗೆ ಪ್ರೀತಿ. ಗ್ರೆಗರಿಯಾದ ಹುಡುಗ ಆಗ ಎಲೆಕ್ಟ್ರಿಷಿಯನ್ ಕೆಲಸ ಕಲಿಯುತ್ತಿದ್ದವನು. ಕೊನೆಗೆ ಅವನಿಗೆ ಸಿಗುವ ಹುಡುಗಿಯ ಪಾತ್ರ ಮಾಡಿದವಳನ್ನು ಫೋರ್ಸೈತ್ ಕಂಡದ್ದು ಅವಳು ಊಟ ಬಡಿಸುತ್ತಿದ್ದ ಹೋಟೆಲಿನಲ್ಲಿ. ಫುಟ್‌ಬಾಲ್ ಹುಡುಗಿಯ ಪಾತ್ರಕ್ಕೆ ಆರಿಸಿದವಳನ್ನು ಕೆಲವು ವಾರ ಪಾರ್ಟಿಕ್ ತಿಸಲ್ ಎಂಬ ನಿಜವಾದ ಕ್ಲಬ್ಬಿಗೆ ಕಳಿಸಿ ಆಟ ಕಲಿಸಿದರು.

ಆ ಚಿತ್ರದಲ್ಲಿ ಪೆಂಗ್ವಿನ್ ವೇಷ ತೊಟ್ಟ ಒಂದು ಮಗು ಶಾಲೆಯ ವರಾಂಡದಲ್ಲಿ ಅಲೆಯುತ್ತಿರುತ್ತದೆ. ನೀನು ಹೋಗಬೇಕಾದ ಕೋಣೆ ಇದಲ್ಲ, ಅದು ಎಂದು ಮೇಷ್ಟ್ರುಗಳು ಅದನ್ನು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಕಳಿಸುತ್ತಿರುತ್ತಾರೆ. ಯಾಕೆ ಪೆಂಗ್ವಿನ್ ಎಂದು ಯಾರೂ ಹೇಳುವುದಿಲ್ಲ. ಹೆಡ್‌ಮೇಷ್ಟ್ರು ಖಾಲಿ ಕೋಣೆಯಲ್ಲಿ ಒಬ್ಬರೇ ಪಿಯಾನೋ ನುಡಿಸುತ್ತಿರುತ್ತಾರೆ. ಕಥೆಗೆ ಇದರಿಂದ ಕವಡೆಯಷ್ಟೂ ಉಪಯೋಗವಿಲ್ಲ. ನಿನ್ನ ಮೂರನೇ ಪ್ರೊಡ್ಯೂಸರ್ ಕೈಗೆ ಕತ್ತರಿ ಕೊಟ್ಟರೆ ಮೊದಲು ಹೋಗುವುದೇ ಆ ಪೆಂಗ್ವಿನ್. ಆದರೆ ನಲವತ್ತು ವರ್ಷ ಕಳೆದ ಮೇಲೂ ಆ ಚಿತ್ರ ನೋಡಿದವರ ಬಾಯಲ್ಲಿ ಮೊದಲು ಬರುವುದು ಅದೇ.

ಇನ್ನೊಂದು ಮಾತು, ನನ್ನಂಥ ಮುದುಕರಿಗೆ ಚುಚ್ಚುವಂಥದ್ದು. ಆ ಚಿತ್ರದಲ್ಲಿ ಗ್ರೆಗರಿಗೆ ಬುದ್ಧಿ ಹೇಳುವುದು ಅಪ್ಪನೂ ಅಲ್ಲ, ಮೇಷ್ಟ್ರೂ ಅಲ್ಲ, ಅವನ ಹತ್ತು ವರ್ಷದ ತಂಗಿ. ಕಿವಿಮಾತು ಹೇಳಲು ತಲೆ ನರೆಯಬೇಕಾಗಿಲ್ಲ ಎಂಬುದು ಫೋರ್ಸೈತನಿಗೆ ಗೊತ್ತಿತ್ತು. ಆದ್ದರಿಂದ ನಾನು ಹೇಳುವುದನ್ನೂ ತೂಗಿ ನೋಡಿಯೇ ತಗೋ. ನಿನ್ನ ಕಥೆಯ ಮುದುಕ ಕೊಬ್ಬರಿ ತೂಗುವ ಹಾಗೆ.

ಆ ಸ್ಕ್ರಿಪ್ಟಿಗೆ ಬ್ರಿಟನ್ನಿನ ದೊಡ್ಡ ಗೌರವವಾದ ಬಾಫ್ಟಾ ಬಂತು. ಹಣ ಕೊಡದೆ ವಾಪಸ್ ಕಳಿಸಿದ್ದ ಅದೇ ‘ಗ್ರೆಗರೀಸ್ ಗರ್ಲ್’ಗೆ. ಅದೇ ವರ್ಷ ಅವನು ಬಿಬಿಸಿ ಸ್ಕಾಟ್ಲೆಂಡಿಗಾಗಿ ‘ಆಂಡ್ರೀನಾ’ ಎಂಬ ಪುಟ್ಟ ಚಿತ್ರವನ್ನೂ ಮಾಡಿದ. ಆರ್ಕ್ನಿ ದ್ವೀಪದ ಲೇಖಕ ಜಾರ್ಜ್ ಮಕೈ ಬ್ರೌನರ ಕಥೆ. ಒಂಟಿ ಮುದುಕ ನಾವಿಕ, ಸಂಜೆ ಹೊತ್ತು ಅವನನ್ನು ವಿಚಾರಿಸಲು ಬರುವ ಒಬ್ಬ ಹುಡುಗಿ. ನಗೆಚಿತ್ರದವನು ಎಂಬ ಮುದ್ರೆ ಬೀಳುವ ಹೊತ್ತಿಗೆ ಸರಿಯಾಗಿ, ಟೀವಿಯ ಸಣ್ಣ ಪರದೆಯಲ್ಲಿ ಅವನು ತನ್ನ ವಿಷಾದವನ್ನು ಪರೀಕ್ಷಿಸಿ ನೋಡಿಕೊಂಡ. ಧಾರಾವಾಹಿಯವನು ಎಂದು ಯಾರಾದರೂ ಅಂದಾಗ ನಿನ್ನ ಮುಖ ಸಣ್ಣದಾಗುವುದನ್ನು ನೋಡಿದ್ದೇನೆ. ಪರದೆಯ ಅಗಲ ನೋಡಿ ಕೆಲಸದ ಬೆಲೆ ಕಟ್ಟಬೇಡವೋ.

ಈಗ ಅವನ ಮುಂದಿನ ಚಿತ್ರ ‘ಲೋಕಲ್ ಹೀರೋ’ಗೆ ಬರುತ್ತೇನೆ. ಇದನ್ನು ನಾನು ನೋಡಿದ್ದು ಫಿಲಂ ಸೊಸೈಟಿಯೊಂದರ ಮಡಚುವ ಕುರ್ಚಿಯಲ್ಲಿ ಕೂತು. ಮನೆಗೆ ಬಂದು ನಿದ್ದೆ ಬರಲಿಲ್ಲ.

ಆಗಿನ ಸ್ಕಾಟ್ಲೆಂಡನ್ನು ನೆನೆಸಿಕೋ. 1970ರಲ್ಲಿ ಉತ್ತರ ಸಮುದ್ರದಲ್ಲಿ ಫಾರ್ಟೀಸ್ ಎಂಬ ದೊಡ್ಡ ತೈಲ ನಿಕ್ಷೇಪ ಸಿಕ್ಕಿತ್ತು, 1975ರಿಂದ ಎಣ್ಣೆ ಹರಿಯತೊಡಗಿತ್ತು. ಮೀನು ಹಿಡಿಯುವ ಊರುಗಳಿಗೆ ಹೆಲಿಕಾಪ್ಟರ್, ಅಮೆರಿಕದ ಕಂಪನಿ, ಡಾಲರ್ ಎಲ್ಲ ಒಟ್ಟಿಗೆ ಬಂದವು. ‘ಚಾರಿಯಟ್ಸ್ ಆಫ್ ಫೈರ್’ಗೆ ಆಸ್ಕರ್ ಗೆದ್ದಿದ್ದ ನಿರ್ಮಾಪಕ ಡೇವಿಡ್ ಪಟ್ನಮ್ ಫೋರ್ಸೈತನ ಬೆನ್ನಿಗೆ ನಿಂತ. ಕಥೆ ಇಷ್ಟೆ: ಹ್ಯೂಸ್ಟನ್ನಿನ ತೈಲ ಕಂಪನಿಯೊಂದು ಸ್ಕಾಟ್ಲೆಂಡಿನ ಒಂದು ಕಡಲೂರನ್ನೇ ಕೊಂಡು ರಿಫೈನರಿ ಕಟ್ಟಲು ಮ್ಯಾಕ್ ಎಂಬ ತನ್ನ ನೌಕರನನ್ನು ಕಳಿಸುತ್ತದೆ. ನಾವು ನೀವು ಬರೆದರೆ ಊರಿನವರು ಧ್ವಜ ಹಿಡಿದು ಹೋರಾಡುತ್ತಾರೆ. ಇಲ್ಲಿ ಊರಿನವರಿಗೆ ಮಾರುವ ಆತುರ! ಎಷ್ಟು ಕೋಟಿ ಬರುತ್ತದೆ, ಯಾವ ಕಾರು ಕೊಳ್ಳಬಹುದು ಎಂಬ ಲೆಕ್ಕ. ಕೊಳ್ಳಲು ಬಂದವನಿಗೇ ಮನಸ್ಸು ಕರಗಿ, ಈ ಊರು ಹೀಗೇ ಉಳಿಯಬಾರದೆ ಎನ್ನಿಸತೊಡಗುತ್ತದೆ.

ಸಮುದ್ರದ ದಂಡೆ ಮಾತ್ರ ಬೆನ್ ಎಂಬ ಮುದುಕನದು. ಅಲ್ಲೇ ಗುಡಿಸಲು ಹಾಕಿಕೊಂಡಿದ್ದಾನೆ, ಮಾರುವುದಿಲ್ಲ. ಮ್ಯಾಕ್ ಗೋಗರೆದಾಗ ಬೆನ್ ಒಂದು ಹಿಡಿ ಮರಳು ಎತ್ತಿ, ನನ್ನ ಕೈಲಿರುವ ಕಾಳಿಗೊಂದು ಪೌಂಡಿನಂತೆ ಕೊಡುತ್ತೀಯಾ ಎನ್ನುತ್ತಾನೆ. ಎಷ್ಟು ಕೋಟಿ ಕಾಳೋ ಎಂದು ಹೆದರಿ ಮ್ಯಾಕ್ ಒಲ್ಲೆ ಅನ್ನುತ್ತಾನೆ. ಒಂದು ಹಿಡಿಯಲ್ಲಿ ಹತ್ತು ಸಾವಿರಕ್ಕಿಂತ ಹೆಚ್ಚು ಹಿಡಿಸುತ್ತಿರಲಿಲ್ಲವಲ್ಲ ಎಂದು ಮುದುಕ ಮರುಗುತ್ತಾನೆ. ಲೆಕ್ಕದ ಮನುಷ್ಯ ಲೆಕ್ಕದಲ್ಲೇ ಸೋತ. ಹೇಳಬೇಕಾದ್ದನ್ನೆಲ್ಲ ಒಂದು ಹಿಡಿ ಮರಳಿನಲ್ಲಿ ಹೇಳಿದ ನಿರ್ದೇಶಕ ಅವನು.

ನನ್ನ ವೃತ್ತಿಯ ಕಣ್ಣಿಗೆ ಬಿದ್ದ ಒಂದು ಸಂಗತಿ ಹೇಳುತ್ತೇನೆ. ಚಿತ್ರದಲ್ಲಿ ಕಾಣುವ ಹಳ್ಳಿ ಪೆನನ್, ಸ್ಕಾಟ್ಲೆಂಡಿನ ಈಶಾನ್ಯ ಕರಾವಳಿಯಲ್ಲಿದೆ. ಬೆಟ್ಟದ ಬುಡದಲ್ಲಿ ಒಂದೇ ಸಾಲು ಮನೆ, ಅದರೆದುರಿಗೇ ಕಡಲು. ಬೆನ್‌ನ ಬಿಳಿ ಮರಳಿನ ದಂಡೆ ಕಾಮಸ್‌ಡರಾಕ್ ಇರುವುದು ಪಶ್ಚಿಮ ಕರಾವಳಿಯಲ್ಲಿ. ನಡುವೆ ಇಡೀ ಸ್ಕಾಟ್ಲೆಂಡಿನ ಅಗಲವಿದೆ. ಮ್ಯಾಕ್ ಮನೆ ಬಾಗಿಲಿನಿಂದ ಹೊರಟು ಮರಳಿಗೆ ಕಾಲಿಟ್ಟಾಗ ದೇಶವನ್ನೇ ದಾಟಿರುತ್ತಾನೆ, ನಮಗೆ ಅದು ನಾಲ್ಕು ಹೆಜ್ಜೆ. ಎರಡು ಕಡಲು ಸೇರಿ ಒಂದು ಊರಾದದ್ದು ಎಡಿಟರ್ ಮೈಕೆಲ್ ಬ್ರಾಡ್ಸೆಲ್ ಮೇಜಿನ ಮೇಲೆ. ಕತ್ತರಿ ಕೆಡಿಸುವುದಕ್ಕೇ ಇರುವುದಲ್ಲ ಮಗು. ನಿರ್ದೇಶಕನ ಮನಸ್ಸನ್ನು ಬಲ್ಲವನ ಕೈಲಿದ್ದರೆ ಅದು ಇಲ್ಲದ ಊರನ್ನು ಕಟ್ಟಿ ಕೊಡುತ್ತದೆ.

ಇನ್ನು ಆ ಚಿತ್ರದ ಕೊನೆ. ಮ್ಯಾಕ್‌ನನ್ನು ಕಂಪನಿ ಹ್ಯೂಸ್ಟನ್ನಿಗೆ ವಾಪಸ್ ಕಳಿಸುತ್ತದೆ. ಅವನು ತನ್ನ ಫ್ಲ್ಯಾಟಿನಲ್ಲಿ ಜೇಬಿನಿಂದ ಕಪ್ಪೆಚಿಪ್ಪುಗಳನ್ನು ತೆಗೆದಿಟ್ಟು, ಕತ್ತಲೆಯಲ್ಲಿ ಮಿನುಗುವ ನಗರವನ್ನು ನೋಡುತ್ತಾ ನಿಲ್ಲುತ್ತಾನೆ. ಅಲ್ಲಿಗೆ ಮುಗಿಯಬೇಕಿತ್ತು. ಹಂಚಿಕೆ ಮಾಡುವ ಅಮೆರಿಕದ ಸ್ಟುಡಿಯೋದವರಿಗೆ ಸಮಾಧಾನವಾಗಲಿಲ್ಲ. ಮ್ಯಾಕ್ ಊರಲ್ಲೇ ಉಳಿಯಲಿ, ಬೇಕಾದರೆ ಆ ದೃಶ್ಯ ಮತ್ತೆ ಶೂಟ್ ಮಾಡಲು ದುಡ್ಡು ಕೊಡುತ್ತೇವೆ ಅಂದರು. ಫೋರ್ಸೈತ್ ಜಗಳ ಆಡಲಿಲ್ಲ, ಶರಣೂ ಆಗಲಿಲ್ಲ. ಮಿಕ್ಕಿದ್ದ ಫಿಲಂ ತುಂಡುಗಳಲ್ಲಿ ಹುಡುಕಿದ. ಊರಿನ ಕೆಂಪು ಟೆಲಿಫೋನ್ ಗೂಡು ಕಾಣುವ ಒಂದು ದೂರದ ಶಾಟ್ ಉಳಿದಿತ್ತು. ಅದನ್ನು ಕೊನೆಗೆ ಅಂಟಿಸಿ, ಮೇಲೆ ಫೋನ್ ರಿಂಗಾಗುವ ಸದ್ದು ಹಾಕಿದ. ಫೋನ್ ಹೊಡೆದುಕೊಳ್ಳುತ್ತದೆ. ಯಾರೂ ಎತ್ತುವುದಿಲ್ಲ. ಚಿತ್ರ ಮುಗಿಯುತ್ತದೆ.

ಸ್ಟುಡಿಯೋ ಕೇಳಿದ್ದು ಆಸೆಯ ಒಂದು ಎಳೆ. ಅದು ಸಿಕ್ಕಿತು. ನಿರ್ದೇಶಕನಿಗೆ ಬೇಕಿದ್ದದ್ದು ನೋವು. ಅದು ಇಮ್ಮಡಿಯಾಯಿತು. ಆ ಚಿತ್ರಕ್ಕಾಗಿ ನಿರ್ದೇಶನದ ಬಾಫ್ಟಾ ಅವನಿಗೇ ಬಂತು. ಚಿತ್ರಕ್ಕೆಂದು ನಿಲ್ಲಿಸಿದ್ದ ಆ ಗೂಡು ಬರೀ ಸೆಟ್ ಸಾಮಾನು, ಶೂಟಿಂಗ್ ಮುಗಿದ ಮೇಲೆ ಹೋಯಿತು. ಆದರೂ ಪೆನನ್ ಊರಿನ ನಿಜವಾದ ಟೆಲಿಫೋನ್ ಗೂಡಿನಲ್ಲಿ ನಿಂತು ಮನೆಗೆ ಫೋನ್ ಮಾಡಬೇಕೆಂದು ಎಲ್ಲೆಲ್ಲಿಂದಲೋ ಜನ ಬರತೊಡಗಿದರು. 1989ರಲ್ಲಿ ಸರ್ಕಾರ ಅದನ್ನು ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿಸಿತು.

ನನ್ನದೂ ಒಂದು ತುಂಡಿನ ಕಥೆ ಇದೆ. ಕೆರೆ ಹೂಳಿನ ಮೇಲೆ ಒಂದು ಸಾಕ್ಷ್ಯಚಿತ್ರ ಎಡಿಟ್ ಮಾಡುತ್ತಿದ್ದೆ. ಕೊನೆಯ ಶಾಟಿನಲ್ಲಿ ಒಬ್ಬ ರೈತ ಬತ್ತಿದ ಕೆರೆ ನೋಡುತ್ತಾ ನಿಂತಿದ್ದ, ಹನ್ನೊಂದು ಸೆಕೆಂಡು, ಮಾತಿಲ್ಲ. ಹಣ ಕೊಟ್ಟ ಕಚೇರಿಯವರು ಅದು ಬೇಡ, ಸಾಹೇಬರು ಟೇಪು ಕತ್ತರಿಸುವುದನ್ನು ಹಾಕಿ ಅಂದರು. ನಿರ್ದೇಶಕ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಕೊನೆಗೆ ನನ್ನ ಕೈಯಾರೆ ಕತ್ತರಿಸಿದೆ. ಆ ಹನ್ನೊಂದು ಸೆಕೆಂಡಿನ ಫಿಲಂ ಸುರುಳಿಯನ್ನು ಬಹಳ ವರ್ಷ ಬಿಸ್ಕೆಟ್ ಡಬ್ಬದಲ್ಲಿ ಇಟ್ಟುಕೊಂಡಿದ್ದೆ. ಫೋರ್ಸೈತನ ಟೆಲಿಫೋನ್ ಗೂಡಿನ ಕಥೆ ಮೊದಲೇ ಗೊತ್ತಿದ್ದರೆ ನಾನೂ ಏನಾದರೂ ಉಪಾಯ ಹುಡುಕುತ್ತಿದ್ದೆನೇನೋ. ಗೊತ್ತಿರಲಿಲ್ಲ. ನಿನಗೆ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

1984ರಲ್ಲಿ ‘ಕಂಫರ್ಟ್ ಅಂಡ್ ಜಾಯ್’ ಬಂತು. ಐಸ್‌ಕ್ರೀಮ್ ವ್ಯಾನುಗಳ ಇಬ್ಬರು ಮಾಲೀಕರ ಜಗಳದಲ್ಲಿ ಸಿಕ್ಕಿಕೊಂಡ ರೇಡಿಯೋ ನಿರೂಪಕನ ಕಥೆ, ನಗೆಚಿತ್ರ. ಅದೇ ವರ್ಷ ಏಪ್ರಿಲ್‌ನಲ್ಲಿ ಗ್ಲಾಸ್ಗೋದಲ್ಲಿ ನಿಜವಾದ ಐಸ್‌ಕ್ರೀಮ್ ವ್ಯಾನುಗಳ ದ್ವೇಷದಲ್ಲಿ ಒಂದು ಮನೆಗೆ ಬೆಂಕಿ ಬಿದ್ದು ಆರು ಜನ ಸತ್ತರು. ನಗೆಯ ಕೆಳಗೆ ಎಷ್ಟು ಕೆಂಡ ಇರುತ್ತದೆ ಎಂಬುದು ಯಾವ ನಿರ್ದೇಶಕನ ಹಿಡಿತಕ್ಕೂ ಸಿಗುವುದಿಲ್ಲ. ನಿನ್ನ ಕೊಬ್ಬರಿ ಮಂಡಿಯ ತಮಾಷೆ ಬರೆಯುವಾಗಲೂ ಬೆಲೆ ಬಿದ್ದ ವರ್ಷ ಅಲ್ಲಿ ಏನಾಗುತ್ತದೆ ಎಂಬುದನ್ನು ಹೋಗಿ ವಿಚಾರಿಸಿಕೊಂಡು ಬಾ.

ಆಮೇಲೆ ಅವನು ಅಮೆರಿಕಕ್ಕೆ ಹೋದ. ಅಲ್ಲಿಗೆ ಹೋಗಿ ಕೆಟ್ಟ ಎಂದು ಸುಲಭವಾಗಿ ಹೇಳಿ ಮುಗಿಸುವವರಿದ್ದಾರೆ. ಅದು ನಿಜವಲ್ಲ. ಊರು ಬಿಡಬೇಡ ಎಂದು ನಾನು ನಿನಗೆ ಹೇಳುತ್ತಲೂ ಇಲ್ಲ. 1987ರ ‘ಹೌಸ್‌ಕೀಪಿಂಗ್’ ಅವನ ಮೊದಲ ಅಮೆರಿಕನ್ ಚಿತ್ರ. ಮೆರಿಲಿನ್ ರಾಬಿನ್ಸನ್ ಅವರ ಕಾದಂಬರಿ. ಅಮ್ಮನಿಲ್ಲದ ಇಬ್ಬರು ಹುಡುಗಿಯರು, ಅವರನ್ನು ಸಾಕಲು ಬರುವ ಅಲೆಮಾರಿ ಚಿಕ್ಕಮ್ಮ. ದೊಡ್ಡ ತಾರೆ ಕೊನೆ ಗಳಿಗೆಯಲ್ಲಿ ಬಿಟ್ಟು ಹೋದರು, ಹಣವೂ ಅಲುಗಾಡಿತು. ಕ್ರಿಸ್ಟೀನ್ ಲಾಟಿ ಆ ಪಾತ್ರ ಮಾಡಿದರು. ಆಗ ಕೊಲಂಬಿಯಾ ಸ್ಟುಡಿಯೋದ ಮುಖ್ಯಸ್ಥನಾಗಿದ್ದ ಅದೇ ಪಟ್ನಮ್ ಚಿತ್ರವನ್ನು ಎತ್ತಿಕೊಂಡ. ಸ್ಕಾಟ್ಲೆಂಡಿನ ಒಂದು ಹನಿ ಮಳೆಯೂ ಇಲ್ಲದ ಆ ಚಿತ್ರ ನನ್ನ ಮಟ್ಟಿಗೆ ಅವನ ಅತ್ಯುತ್ತಮ ಕೆಲಸಗಳಲ್ಲೊಂದು. ಅಲ್ಲೂ ಅವನ ಮನಸ್ಸು ಬಲ್ಲವರು ಬೆನ್ನಿಗಿದ್ದರು. 1989ರ ‘ಬ್ರೇಕಿಂಗ್ ಇನ್’ ಬೇರೆಯವರ ಸ್ಕ್ರಿಪ್ಟು. ಮುದುಕ ಕಳ್ಳನಾಗಿ ಬರ್ಟ್ ರೆನಾಲ್ಡ್ಸ್, ಸಣ್ಣದಾಗಿ, ಚೊಕ್ಕವಾಗಿ ಮುಗಿಸಿದ.

ಎಡವಿದ್ದು ಅದರ ಮುಂದಿನದರಲ್ಲಿ. ‘ಬೀಯಿಂಗ್ ಹ್ಯೂಮನ್.’ ಆದಿಮಾನವನ ಕಾಲದಿಂದ ನ್ಯೂಯಾರ್ಕಿನವರೆಗೆ ಒಬ್ಬನೇ ಮನುಷ್ಯನ ಐದು ಜನ್ಮ. ರಾಬಿನ್ ವಿಲಿಯಮ್ಸ್‌ನಂಥ ತಾರೆ, ವಾರ್ನರ್ ಬ್ರದರ್ಸ್, ಅವನು ಅದುವರೆಗೆ ಕಾಣದಷ್ಟು ಹಣ. ವಿಲಿಯಮ್ಸ್ ಅಂದರೆ ನಗು ಎಂದು ಕಾಯುವ ಪ್ರೇಕ್ಷಕ. ತಡವರಿಸುವ, ಮಾತಿಲ್ಲದ ಮನುಷ್ಯನ ಕಥೆ ಹೇಳಬೇಕೆಂಬ ನಿರ್ದೇಶಕ. ಸ್ಟುಡಿಯೋ ಪರೀಕ್ಷಾ ಪ್ರದರ್ಶನ ಮಾಡಿತು, ಗಾಬರಿಯಾಯಿತು. ಕತ್ತರಿಸಿ ಎಂದಿತು. ಅರ್ಥವಾಗುವುದಿಲ್ಲ, ಹಿನ್ನೆಲೆಯಲ್ಲಿ ವಿವರಣೆಯ ದನಿ ಹಾಕಿ ಎಂದಿತು. ಕೊನೆ ಮೆದುವಾಗಲಿ ಎಂದಿತು. ವರ್ಷಗಟ್ಟಲೆ ತಿದ್ದಿದ ಮಡಕೆಗೆ ದೊಣ್ಣೆಯ ಕೆಲಸ ನಿಮಿಷದ್ದು. 1994ರಲ್ಲಿ ತೆರೆಗೆ ಬಂದ ಚಿತ್ರ ಯಾರದೂ ಆಗಿರಲಿಲ್ಲ, ಯಾರೂ ನೋಡಲೂ ಇಲ್ಲ. ಅಲ್ಲಿಗೆ ಅವನ ಹಾಲಿವುಡ್ ಮುಗಿಯಿತು.

ಐದು ವರ್ಷ ಕಳೆದು ಮತ್ತೆ ತನ್ನ ಶಾಲೆಗೇ ಬಂದ. 1999ರ ‘ಗ್ರೆಗರೀಸ್ ಟೂ ಗರ್ಲ್ಸ್.’ ಗ್ರೆಗರಿ ಈಗ ಅದೇ ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರು. ಜನಕ್ಕೆ ಹಳೆಯ ಹುಡುಗ ಬೇಕಿತ್ತು, ಸಿಕ್ಕಿದ್ದು ಹೊಸ ಗಂಡಸಿನ ಇಕ್ಕಟ್ಟು. ಸೋತಿತು. ಗೆದ್ದ ಹಳೆಯ ಮನೆಗೆ ಮತ್ತೆ ಹೋದರೆ ಬಾಗಿಲು ತೆರೆಯುವವರು ಬೇರೆಯೇ ಆಗಿರುತ್ತಾರೆ. ಅದಾದ ಮೇಲೆ ಅವನು ಸಿನಿಮಾ ಮಾಡಲಿಲ್ಲ. ‘ಗ್ರೆಗರೀಸ್ ಗರ್ಲ್’ ತೆಗೆದ ಆ ಶಾಲೆಯೂ 2014ರಲ್ಲಿ ಮುಚ್ಚಿತು.

ಈಗ ಹಣದ ಲೆಕ್ಕ ಬಿಟ್ಟು ಕತ್ತರಿಯ ಲೆಕ್ಕ ಹಾಕು. ಸಿಂಕು ಕದ್ದ ಚಿತ್ರದಲ್ಲಿ ಕತ್ತರಿ ಅವನದೇ. ಗ್ರೆಗರಿಯಲ್ಲಿ ಪೆಂಗ್ವಿನ್ ಉಳಿಯಿತು ಅಂದರೆ ಕತ್ತರಿ ಅವನ ಪಕ್ಕದಲ್ಲೇ ಇತ್ತು. ‘ಲೋಕಲ್ ಹೀರೋ’ದಲ್ಲಿ ಇನ್ನೊಬ್ಬರ ಕೈ ಚಾಚಿತು, ಅವನು ಜಾಣತನದಿಂದ ಒಂದು ಟೆಲಿಫೋನ್ ಗೂಡು ಕೊಟ್ಟು ಕತ್ತರಿ ಉಳಿಸಿಕೊಂಡ. ‘ಬೀಯಿಂಗ್ ಹ್ಯೂಮನ್’ನಲ್ಲಿ ಕತ್ತರಿ ಹೋಯಿತು. ಊರು ಒಳಗೋ ಹೊರಗೋ, ಹಣ ಸಾವಿರವೋ ಕೋಟಿಯೋ, ಅದು ಎರಡನೆಯ ಮಾತು. ಹಣ ಬೆಳೆದಷ್ಟೂ ಕತ್ತರಿಗೆ ಕೈ ಚಾಚುವವರು ಹೆಚ್ಚುತ್ತಾರೆ, ಅಷ್ಟೆ.

ಇನ್ನೊಬ್ಬ ಗ್ಲಾಸ್ಗೋದವನನ್ನು ನಿನಗೆ ಪರಿಚಯ ಮಾಡಿಸಿ ಮುಗಿಸುತ್ತೇನೆ. ಅಲೆಕ್ಸಾಂಡರ್ ಮೆಕೆಂಡ್ರಿಕ್, ಫೋರ್ಸೈತನಿಗಿಂತ ಒಂದು ತಲೆಮಾರು ಹಿರಿಯ. 1912ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿ ಗ್ಲಾಸ್ಗೋದಲ್ಲಿ ಬೆಳೆದು ಅಲ್ಲಿನ ಕಲಾಶಾಲೆಯಲ್ಲಿ ಓದಿದವನು. ಬಾರಾ ದ್ವೀಪದಲ್ಲಿ ತೆಗೆದ ‘ವಿಸ್ಕಿ ಗಲೋರ್’ 1949ರದು. ‘ದ ಲೇಡಿಕಿಲ್ಲರ್ಸ್’ 1955. ಅಮೆರಿಕದಲ್ಲಿ ‘ಸ್ವೀಟ್ ಸ್ಮೆಲ್ ಆಫ್ ಸಕ್ಸೆಸ್’ 1957. ಆಮೇಲೆ ಒಂದು ಚಿತ್ರದಿಂದ ಅವನನ್ನು ನಡುವೆಯೇ ತೆಗೆದು ಹಾಕಿದರು. ತೆಗೆದದ್ದು ನಟ ಬರ್ಟ್ ಲ್ಯಾಂಕಾಸ್ಟರ್ ಪಾಲುದಾರನಾಗಿದ್ದ ಸಂಸ್ಥೆ. ಅದೇ ಲ್ಯಾಂಕಾಸ್ಟರ್ ಕಾಲು ಶತಮಾನದ ಮೇಲೆ ‘ಲೋಕಲ್ ಹೀರೋ’ದಲ್ಲಿ ನಕ್ಷತ್ರದ ಹುಚ್ಚಿನ ಮುದಿ ಯಜಮಾನನಾಗಿ ಬಂದ! ಇನ್ನೊಂದು ದೊಡ್ಡ ಚಿತ್ರವೂ ಮೆಕೆಂಡ್ರಿಕ್ ಕೈತಪ್ಪಿತು. ಕೊನೆಗೆ 1969ರಲ್ಲಿ ಕ್ಯಾಲಿಫೋರ್ನಿಯಾದ ಕಲಾಸಂಸ್ಥೆಯೊಂದಕ್ಕೆ ಸಿನಿಮಾ ವಿಭಾಗದ ಮುಖ್ಯಸ್ಥನಾಗಿ ಹೋದ. 1993ರಲ್ಲಿ ಸಾಯುವವರೆಗೂ ಹುಡುಗರಿಗೆ ಪಾಠ ಹೇಳಿದ. ಅವನು ನಿರ್ದೇಶಕನಾಗಿದ್ದದ್ದು ಎರಡು ದಶಕ, ಮೇಷ್ಟ್ರಾಗಿದ್ದದ್ದು ಅದಕ್ಕಿಂತ ಹೆಚ್ಚು.

ಇಬ್ಬರೂ ಸೋತರು ಎಂದು ನಾನು ಬರೆಯಲಾರೆ. ಒಬ್ಬ ಕಲಿಸುವುದಕ್ಕೆ ಕೂತ, ಒಬ್ಬ ಸುಮ್ಮನಾದ. ಸಾಲದ ಹೆಸರಿನಲ್ಲಿ ಯಾರದೋ ಸಿನಿಮಾಗಳನ್ನು ಮಾಡುತ್ತಾ ಹೋಗಲಿಲ್ಲ. ನಿನ್ನ ವಯಸ್ಸಿಗೆ ಎಷ್ಟು ಚಿತ್ರ ಎಂಬುದು ಮುಖ್ಯವಾಗಿ ಕಾಣುತ್ತದೆ. ನನ್ನ ವಯಸ್ಸಿಗೆ ಒಂದು ಹಿಡಿ ಮರಳು, ಒಂದು ಪೆಂಗ್ವಿನ್, ಎತ್ತುವವರಿಲ್ಲದ ಒಂದು ಫೋನು, ಇಷ್ಟು ಉಳಿದರೆ ಸಾಕು ಅನ್ನಿಸುತ್ತದೆ.

ಸೈನ್ ಮಾಡಬೇಡ ಎಂದು ನಾನು ಹೇಳುವುದಿಲ್ಲ. ಮನೆ ಬಾಡಿಗೆ ನೀನು ಕಟ್ಟಬೇಕು, ನಾನಲ್ಲ. ಆದರೆ ಆ ಮೂರನೆಯವರನ್ನು ಒಂದು ಪ್ರಶ್ನೆ ಕೇಳು: ಕೊನೆಯ ಕತ್ತರಿ ಯಾರ ಕೈಲಿ? ನಿನ್ನದಲ್ಲ ಅಂದರೆ, ತೂಕದ ಮುದುಕನನ್ನು ಅವರಿಗೆ ಕೊಡಬೇಡ. ಬೇರೆ ಯಾವುದಾದರೂ ಕಥೆ ಕೊಟ್ಟು ಕೂಲಿ ತಗೋ, ಅದರಲ್ಲಿ ಅವಮಾನವಿಲ್ಲ. ಮುದುಕನನ್ನು ಫೋರ್ಸೈತ್ ಇಟ್ಟ ಹಾಗೆ ಎತ್ತಿಡು. ಈ ನಡುವೆ ದುಡ್ಡೇ ಬೇಡದ ಒಂದನ್ನು ಬರೆ. ತಿಪಟೂರಿನಲ್ಲೂ ನಾಟಕ ಆಡುವ ಹುಡುಗರಿರುತ್ತಾರೆ, ಹೋಗಿ ಮೂಲೆಯಲ್ಲಿ ಕೂತು ಅವರ ಮಾತು ಕೇಳು.

ಮುಂದಿನ ಭಾನುವಾರ ಬಾ. ಕರಾರು ಪತ್ರ ತಗೊಂಡು ಬಾ, ಇಬ್ಬರೂ ಕೂತು ಸಣ್ಣ ಅಕ್ಷರದಲ್ಲಿರುವುದನ್ನೂ ಓದೋಣ. ಮೊದಲು ಕಾಫಿ ಕುಡಿ, ಬಿಸಿಯಿರುವಾಗಲೇ.

ನಿನ್ನ ಮಾವ